ಸರ್ವಿಸಕ್ಕನ ಕುಂಡೆಕುಸ್ಕ

ಗಾಡಿ ತೊಳೆಯುವುದರಲ್ಲಿ ಸರ್ವಿಸಕ್ಕ ಎತ್ತಿದ ಕೈ. ಗಂಡನ ಸೊಂಟ ಕೈಕೊಟ್ಟ ಮೇಲೆ ವಾಟರ್ ಸರ್ವಿಸ್ ಅಂಗಡಿಯನ್ನು ನಡೆಸುತ್ತಿರುವವಳು ಅವಳೇ. ಗಂಡ ನೆರಳಲ್ಲಿ ಕೂತು ಸೀಟು ಒರೆಸುತ್ತಾನೆ. ಅತ್ತೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಕೇಳದಿದ್ದರೂ ಬುದ್ಧಿ ಹೇಳುತ್ತಾರೆ. ಅಂಗಳ ವರ್ಷವಿಡೀ ಒದ್ದೆ, ಒದ್ದೆಯಿದ್ದಲ್ಲಿ ನೊಣ. ಆ ನೊಣದ ಆಸೆಗೆ ಪ್ರತಿ ಚಳಿಗಾಲಕ್ಕೂ ಒಂದು ಅತಿಥಿ ಬರುತ್ತದೆ.

ಬೂದು ಬೆನ್ನು, ಹಳದಿ ಹೊಟ್ಟೆ, ಮೈಗಿಂತ ಉದ್ದ ಅನ್ನಿಸುವ ಬಾಲ. ಹಿಡಿಯೊಳಗೆ ಅಡಗುವಷ್ಟು ಜೀವ, ಎಲ್ಲೋ ಬೆಟ್ಟಗಳಾಚೆಯ ಹಿಮದ ಸೀಮೆಯಿಂದ ಒಂಟಿಯಾಗಿ ಹಾರಿ ಬರುತ್ತದೆ. ನಿಂತರೂ ಬಾಲ ಕುಣಿಸುತ್ತದೆ, ನಡೆದರೂ ಕುಣಿಸುತ್ತದೆ. ಪುಸ್ತಕದವರು ಸಿಪಿಲೆ ಅನ್ನುತ್ತಾರಂತೆ. ಅತ್ತೆಯ ಬಾಯಲ್ಲಿ ಅದು ಕುಂಡೆಕುಸ್ಕ, ಕುಂಡೆ ಕುಣಿಸುವ ಹಕ್ಕಿ. ಹಾಗೆ ಕರೆದು ತಾವೇ ಬಿದ್ದು ಬಿದ್ದು ನಗುತ್ತಾರೆ.

ಈ ಸಲ ಅದಕ್ಕೊಂದು ಹೊಸ ಚಾಳಿ ಅಂಟಿತ್ತು. ಗಾಡಿಯ ಪಕ್ಕದ ಕನ್ನಡಿ ಕಂಡರೆ ಸಾಕು, ಹಾರಿ ಹೋಗಿ ಟಕಟಕ ಕುಕ್ಕುವುದು. ಸರ್ವಿಸಕ್ಕ ಪೈಪು ಕೆಳಗಿಟ್ಟು ನೋಡಿದಳು.

“ಪಾಪ, ಒಂಟಿ ಜೀವ. ಜೊತೆ ಸಿಕ್ತು ಅಂತ ಮುದ್ದು ಮಾಡ್ತಿದೆ,” ಅಂದಳು.

ಗಾಡಿ ಹೊರಟರೆ ಜೊತೆಯೂ ಹೊರಟುಹೋಗುತ್ತದಲ್ಲ ಎಂದು ಹಳೇ ಲಾರಿಯದೊಂದು ಕನ್ನಡಿ ಹುಡುಕಿ ತಂದು, ನೀರಿನ ತೊಟ್ಟಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಕೂರಿಸಿದಳು. ಹಕ್ಕಿ ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆಯೇ. ಮದುವೆ ಮಾಡಿಸಿದಷ್ಟು ಖುಷಿ ಅವಳಿಗೆ.

ವಾರ ಕಳೆಯುವುದರೊಳಗೆ ಅತ್ತೆ ಕುರ್ಚಿಯಿಂದಲೇ ಕೂಗಿದರು: “ಮುದ್ದು ಮಾಡೋರು ಹೀಗೆ ಏದುಸಿರು ಬಿಡ್ತಾರೇನೇ? ನೊಣ ಮೂತಿ ಮುಂದೆ ಹಾರಿದ್ರೂ ತಿಂತಿಲ್ಲ. ಅದು ಜಗಳ ಕಣೇ! ನನ್ನ ಜಾಗಕ್ಕೆ ಇನ್ನೊಬ್ಳು ಯಾಕೆ ಬಂದ್ಲು ಅಂತ ಜಗಳ. ನೀನು ಹೊಸದಾಗಿ ಬಂದಾಗ ಒಲೆ ಮುಂದೆ ನಾನು ಮಾಡ್ತಿದ್ನಲ್ಲ, ಹಾಗೆ.”

ಸರ್ವಿಸಕ್ಕ ಹತ್ತಿರ ಹೋಗಿ ನೋಡಿದಳು. ಹಳದಿ ಹೊಟ್ಟೆ ಒಳಕ್ಕೆ ಹೋಗಿತ್ತು. ಕನ್ನಡಿಯ ಮೇಲೆ ರಕ್ತದ ಸಣ್ಣ ಚುಕ್ಕೆ. ಚಳಿ ಮುಗಿಯುತ್ತ ಬಂದಿತ್ತು, ಹಕ್ಕಿ ಊರಿಗೆ ಮರಳುವ ಕಾಲ. ಮೈಗೆ ಒಂದಿಷ್ಟು ಕೊಬ್ಬು ಕೂಡದೆ ಅದು ಬೆಟ್ಟ ದಾಟುವುದುಂಟೇ? ತನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಎನ್ನಿಸಿ ಅವಳಿಗೆ ಅಳುವೇ ಬಂತು.

“ವಿನಾಯಕನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ದೆ,” ಎಂದು ಗಂಡ ಕನ್ನಡಿ ಕಿತ್ತ. ಹಕ್ಕಿ ನೇರ ಹೋಗಿ, ತೊಳೆಯಲು ನಿಂತಿದ್ದ ಟ್ಯಾಕ್ಸಿಯ ಕನ್ನಡಿಯ ಮೇಲೆ ಬಿತ್ತು.

ಅಂದಿನಿಂದ ಹೊಸ ಕಾನೂನು. ಕನ್ನಡಿಗೆ ಕಾಲುಚೀಲ ತೊಡಿಸದೆ ಯಾವ ಗಾಡಿಯೂ ಗೇಟು ದಾಟುವಂತಿಲ್ಲ. ಮನೆಯಲ್ಲಿದ್ದ ಕಾಲುಚೀಲಗಳೆಲ್ಲ ಬೀದಿಗೆ ಬಂದವು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹೆಬ್ಬೆರಳು ಹರಿದದ್ದು ತೊಟ್ಟು ನಿಂತ ತಮ್ಮ ಹೊಸ ಕಾರು ನೋಡಿ ವಕೀಲರೊಬ್ಬರು ಕೆಂಡವಾದರು.

“ತಣ್ಣೀರು ಹೊಡೀತೀವಲ್ಲ ಸಾರ್, ಕಾರಿಗೆ ನೆಗಡಿ ಆಗ್ಬಾರ್ದು,” ಎಂದರು ಅತ್ತೆ. ವಕೀಲರಿಗೂ ನಗು ತಡೆಯಲಾಗಲಿಲ್ಲ.

ವೈರಿ ಎಲ್ಲಿ ಹೋದಳು ಎಂದು ಹಕ್ಕಿ ಎರಡು ದಿನ ಅಂಗಳವೆಲ್ಲ ಹುಡುಕಿತು. ಮೂರನೆಯ ದಿನ ಕೊಚ್ಚೆಯ ಅಂಚಿನಲ್ಲಿ ಒಂದು ನೊಣ ಹಿಡಿಯಿತು.

“ತಿಂತು ರೀ, ತಿಂತು!” ಸರ್ವಿಸಕ್ಕ ಕುಣಿದಾಡಿದಳು. ಗಿರಾಕಿಗಳು ಅವಳನ್ನೇ ನೋಡಿದರು. ಹೊಟ್ಟೆ ದಿನದಿನಕ್ಕೆ ಗುಂಡಗಾಯಿತು. ಪಂಪ್ ಮನೆಯ ಮೇಲೆ ಕೂತು ಸಣ್ಣಗೆ ಹಾಡಿದ್ದೂ ಉಂಟು.

ಒಂದು ಬೆಳಿಗ್ಗೆ ಹಕ್ಕಿ ಕಾಣಲಿಲ್ಲ. ತೊಟ್ಟಿಯ ಹಿಂದೆ, ಲಾರಿಯ ಕೆಳಗೆ, ಮೋರಿಯ ಬಾಯಿಯಲ್ಲೂ ನೋಡಿದಳು. ಎಲ್ಲೂ ಬಿದ್ದಿರಲಿಲ್ಲ.

“ಹೊಟ್ಟೆ ತುಂಬಿತ್ತಲ್ಲ ಅತ್ತೆ?”

“ತುಂಬಿತ್ತು ಕಣೇ. ನಿನ್ನೆ ಸಂಜೆವರೆಗೂ ತಿಂದಿದ್ದನ್ನ ನಾನೇ ನೋಡಿದೀನಿ. ಊರು ಮುಟ್ಟುತ್ತೆ ಬಿಡು.”

ಸರ್ವಿಸಕ್ಕನಿಗೆ ಏನು ಮಾಡಬೇಕೋ ತೋಚಲಿಲ್ಲ. ಪೈಪು ಎತ್ತಿ, ನೀರು ಪೂರ್ತಿ ಬಿಟ್ಟು, ಆಕಾಶಕ್ಕೇ ಹೊಡೆದಳು. ಅದೆಲ್ಲ ವಾಪಸು ಅತ್ತೆಯ ಮೇಲೆ ಸುರಿಯಿತು. ಅವರು ತೊಯ್ದು ತೊಪ್ಪೆಯಾದರೂ ಕುರ್ಚಿ ಬಿಟ್ಟು ಏಳದೆ, “ಇನ್ನೊಂದ್ಸಲ ಹೊಡಿಯೇ!” ಎಂದರು.