ಮೊದಲು ಚಾಪೆ, ಕೊನೆಗೆ ಮಾತು

ಅಮ್ಮನ ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುವಾಗ ಅವರೊಬ್ಬರು ಕಿಟಕಿಯ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ಪ್ರಾರ್ಥನೆ ಉದ್ದವಾದಷ್ಟೂ ಹಿಡಿತ ಬಿಗಿಯಾಗುತ್ತಿತ್ತು. 'ಆಮೆನ್' ಅಂದು ಕೈಬಿಟ್ಟಾಗ ಅಂಗೈ ತುಂಬ ತುಕ್ಕಿನ ಕೆಂಪು ಗೆರೆ. ಅದನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಹ್ಞೂಂ, ಚಾಪೆ ಸುತ್ರಿ" ಎನ್ನುತ್ತಿದ್ದರು. ಅವರ ಬಿಳಿ ಸೀರೆಗಳಿಗೆಲ್ಲ ಸೆರಗಿನ ಒಂದೇ ಜಾಗದಲ್ಲಿ ಕಲೆಯಿತ್ತು.

ಇವರು ನನ್ನ ಹೆತ್ತಮ್ಮ ಅಲ್ಲ. ದಾವಣಗೆರೆಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಹೆಂಗಸರ ಗುರುವಾರದ ಕೂಟ ನಡೆಸುತ್ತಿದ್ದ ಉಪದೇಶಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆ.ಬಿ. ಬಡಾವಣೆಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಸೀರೆಗಳಿಗೆ ಫಾಲ್ ಹಚ್ಚಿ ಜೀವನ ಮಾಡುತ್ತಿದ್ದರು. ಊರಿಗೆಲ್ಲ ಅವರು ಅಮ್ಮ.

ನಾನು ಅವರನ್ನು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿ, ಬೋರ್ಡುಗಳಿಗೆಲ್ಲ ಹೊಸ ಬಣ್ಣ ಬಳಿಯುತ್ತಿದ್ದರು. ಮಲೆಬೆನ್ನೂರಿನಿಂದ ಬಂದ ನಾನು ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದು ಟೋಕನ್ ಕೊಡುವ ಕೆಲಸದಲ್ಲಿದ್ದೆ. ಅಮ್ಮ ಒಂದು ದಿನ ಬಸುರಿ ಹೆಂಗಸೊಬ್ಬಳನ್ನು ಆಟೋದಲ್ಲಿ ಕರೆತಂದು ಬೆಳಗಿನಿಂದ ಸಂಜೆಯವರೆಗೂ ಬೆಂಚಿನ ಮೇಲೆ ಕೂತಿದ್ದರು. "ಇವರು ನಿಮಗೇನಾಗಬೇಕು?" ಎಂದು ಕೇಳಿದೆ. "ಮುಂಜಾನೆವರೆಗೂ ಏನೂ ಆಗಿದ್ದಿಲ್ಲ. ಈಗ ಮಗಳಾಗ್ಯಾಳ, ಬರ್ಕೊ" ಅಂದರು. ಆ ಉತ್ತರದ ಹಿಂದೆ ಬಿದ್ದು ನಾನು ಅವರ ಗುರುವಾರದ ಕೂಟಕ್ಕೆ ಹೋದೆ. ಅಲ್ಲಿ ಕೇಳಿದ ಯೇಸುಸ್ವಾಮಿಯನ್ನು ನಂಬಿದೆ. ನನಗಾಗ ಇಪ್ಪತ್ತೆರಡು ವರ್ಷ.

ಅಮ್ಮನ ಹತ್ತಿರ ಶಿಷ್ಯಳಾಗಲು ಮೆಟ್ಟಿಲುಗಳಿದ್ದವು. ಮೊದಲು ಚಾಪೆ. ಎಲ್ಲರಿಗಿಂತ ಮುಂಚೆ ಬಂದು ಹಾಸಬೇಕು, ಎಲ್ಲರೂ ಹೋದ ಮೇಲೆ ಸುತ್ತಬೇಕು, ಹೀಗೆ ಒಂದು ವರ್ಷ. ಆಮೇಲೆ ರೋಗಿಗಳ ಮನೆ. ಅಲ್ಲಿ ಹೋಗಿ ಉದ್ದುದ್ದ ಪ್ರಾರ್ಥನೆ ಮಾಡುವುದಕ್ಕಲ್ಲ, ಪಾತ್ರೆ ತೊಳೆಯುವುದಕ್ಕೆ. ಅದೂ ಒಂದು ವರ್ಷ. ಜನರ ಮುಂದೆ ನಿಂತು ಮಾತಾಡುವುದು ಎಲ್ಲಕ್ಕಿಂತ ಕೊನೆಗೆ. ಯಾರಾದರೂ ಅವಸರ ಮಾಡಿದರೆ, "ಹುಟ್ಟಿದ ಕೂಸು ಏನ್ ಮಾಡ್ತೈತೆ? ಪಿಳಿಪಿಳಿ ನೋಡ್ತೈತೆ. ಭಾಷಣ ಮಾಡ್ತೈತೇನು?" ಎಂದು ನಗುತ್ತಿದ್ದರು.

ಮೊದಲ ಸಲ ನಾನು ಉಪವಾಸ ಹಿಡಿದ ದಿನ ತಲೆಗೆ ವೇಲು ಹೊದ್ದು, ತುಟಿ ಒಣಗಿಸಿಕೊಂಡು ಅವರ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದೆ. ಒಂದು ಸಲ ನನ್ನ ಕಡೆ ನೋಡಿದವರೇ ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟರು. "ತಿನ್ನು. ಉಪವಾಸ ನಿನ್ನ ಮಕದ ಮ್ಯಾಲೆ ಐತೆ, ಹೊಟ್ಟ್ಯಾಗಿಲ್ಲ." ನನಗೆ ಮೈಯೆಲ್ಲ ಉರಿಯಿತು. ಆದರೂ ತಿಂದೆ. ಮಂಡಕ್ಕಿ ಚೆನ್ನಾಗಿತ್ತು.

ಇಷ್ಟು ಕಟ್ಟುನಿಟ್ಟಿನ ಅಮ್ಮ ನನ್ನ ವಿಷಯದಲ್ಲಿ ಮಾತ್ರ ತಮ್ಮ ಪದ್ಧತಿ ಮುರಿದರು. ನಾನು ಚಾಪೆ ಹಾಸಲು ಶುರುಮಾಡಿ ನಾಲ್ಕು ತಿಂಗಳಾಗಿರಲಿಲ್ಲ, ಸಾಕ್ಷಿ ಹೇಳಲು ಎಬ್ಬಿಸಿ ನಿಲ್ಲಿಸಿದರು. ಸಾಕ್ಷಿ ಎಂದರೆ, ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂಬುದನ್ನು ನಾಲ್ಕು ಜನರ ಮುಂದೆ ಹೇಳುವುದು. ನನ್ನ ಹತ್ತಿರ ಹೇಳಲು ಇದ್ದದ್ದು ಸ್ವಲ್ಪ. ಮಲೆಬೆನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅಪ್ಪಾಜಿ ಬೆಳಗಿನ ಶಿವಪೂಜೆ ಮುಗಿಯದೆ ನೀರು ಮುಟ್ಟದ ಮನುಷ್ಯ. ನಾನು ನಂಬಿದ ದೇವರ ವಿಷಯ ಹೇಳಿದಾಗ ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿಸಲು ಬಂದು, "ವಾರಕ್ಕೊಂದು ಫೋನ್ ಮಾಡು" ಅಂದರು. ನಡೆದದ್ದು ಅಷ್ಟೇ.

ಅಷ್ಟನ್ನೇ ಹೇಳಿ ಕೂತೆ. ಹೆಂಗಸರು ಮುಂದಿನ ಹಾಡಿನ ಪುಟ ತಿರುಗಿಸಿದರು. ಮುಂದಿನ ತಿಂಗಳು ಅಮ್ಮನ ಜೊತೆ ಹೋದ ಇನ್ನೊಂದು ಬಡಾವಣೆಯ ಕೂಟದಲ್ಲಿ, ಅಪ್ಪಾಜಿ ನನ್ನ ತಟ್ಟೆ ಎತ್ತಿ ಎಸೆದರು ಅಂದುಬಿಟ್ಟೆ. ಬಾಯಿಂದ ತಾನಾಗಿಯೇ ಬಂತು. ಹೆಂಗಸರು "ಸ್ತೋತ್ರ, ಸ್ತೋತ್ರ" ಅಂದರು, ಒಬ್ಬರು ಕಣ್ಣೊರೆಸಿಕೊಂಡರು. ಆ ಸದ್ದಿನ ರುಚಿ ಹತ್ತಿತು ನನಗೆ. ಮೂರನೆಯ ಕಡೆ ಹೊಡೆದರು ಅಂದೆ. ನಾಲ್ಕನೆಯ ಕಡೆ ಬೆಲ್ಟು ಬಿಚ್ಚಿ ಹೊಡೆದು ಹೊಸಿಲಾಚೆ ದಬ್ಬಿದರು ಅಂದೆ. ನನ್ನ ನಂಬಿಕೆ ಎಷ್ಟು ಬೆಳೆಯಿತೋ ಗೊತ್ತಿಲ್ಲ, ಸಾಕ್ಷಿಯಂತೂ ತಿಂಗಳು ತಿಂಗಳು ಬೆಳೆಯಿತು. ಗುರುವಾರದ ಕೂಟದಲ್ಲಿ ಐದು ಚಾಪೆ ಸಾಲದೆ ಹನ್ನೆರಡು ಹಾಸುವಂತಾಯಿತು.

ಹರಿಹರದಲ್ಲಿ ಒಂದು ದೊಡ್ಡ ಕೂಟ ಏರ್ಪಾಟಾಯಿತು. ಶನಿವಾರ ಸಂಜೆ, ಶಾಲೆಯ ಮೈದಾನದಲ್ಲಿ. ಬುಧವಾರ ಕ್ಲಿನಿಕ್ಕು ಮುಗಿಸಿ ಹೋದಾಗ ಅಮ್ಮ ಹೊಲಿಗೆ ಮಷೀನಿನ ಮೇಲೆ ಕರಪತ್ರವೊಂದನ್ನು ಇಟ್ಟುಕೊಂಡು ಕೂತಿದ್ದರು. 'ಬೆಲ್ಟಿನೇಟು ತಿಂದು ತಂದೆಯಿಂದ ಹೊರದೂಡಲ್ಪಟ್ಟ ಮಲೆಬೆನ್ನೂರಿನ ಸಹೋದರಿಯ ಸಾಕ್ಷಿ' ಎಂದು ದಪ್ಪಕ್ಷರ. ಕೆಳಗೆ ನನ್ನ ಹೆಸರು. ಹೆಸರು ಅಚ್ಚಾದದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು, ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

"ನಿಮ್ಮ ಅಪ್ಪಾಜಿ ಪ್ಯಾಂಟು ಹಾಕ್ತಾರೇನು?" ಅಮ್ಮ ಕೇಳಿದರು.

"ಇಲ್ಲ. ಪಂಚೆ."

"ಮದುವೆ ಮುಂಜಿಗೆ?"

"ಆಗ್ಲೂ ಪಂಚೇನೇ."

"ಹಂಗಾದ್ರೆ ಬೆಲ್ಟು ಎಲ್ಲಿಂದ ಬಂತು?"

ಮಷೀನಿನ ಮೇಲೆ ನೊಣವೊಂದು ಓಡಾಡುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಹರಿಹರದ ಬಸ್‌ಸ್ಟ್ಯಾಂಡ್ ತುಂಬಾ ಇದನ್ನ ಹಚ್ಚ್ಯಾರ. ಮಲೆಬೆನ್ನೂರಿನ ಮಂದಿ ಅಲ್ಲೇ ಬಸ್ ಬದಲಾಯಿಸ್ತಾರ. ನಾಳೆ ಕೂಟ ಇಲ್ಲ ಅಂತ ಎಲ್ಲರಿಗೂ ಹೇಳೀನಿ. ಹೋಗಿ ನಿಮ್ಮ ಅಪ್ಪಾಜಿ ಮುಂದೆ ನಿಂತು ಹೇಳು. ನಾನೂ ಬರ್ತೀನಿ. ಆದ್ರೆ ನಿನ್ನ ಪರವಾಗಿ ಒಂದು ಮಾತೂ ಆಡೋದಿಲ್ಲ, ತಿಳ್ಕೊ."

ಮರುದಿನ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಹರಿಹರದವರೆಗೂ ಅವರು ಆ ಕಾಲಿನ ಮೇಲೇ ನಿಂತು ಬಂದರು. ನಿಲ್ದಾಣದ ಕಂಬದ ಮೇಲೆ ನನ್ನ ಹೆಸರಿತ್ತು, ಗೋಡೆಯ ಮೇಲೂ ಇತ್ತು. ಮಲೆಬೆನ್ನೂರಿನ ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ನನ್ನನ್ನು ನೋಡಿ ಮುಖ ತಿರುಗಿಸಿದಳು.

ಅಪ್ಪಾಜಿ ಅಂಗಡಿಯಲ್ಲಿದ್ದರು. ಗಿರಾಕಿಗಳು ಇರಲಿಲ್ಲ. ನಾಟಿಯ ದಿನಗಳಲ್ಲಿ ಆ ಅಂಗಡಿ ಖಾಲಿ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎದುರಿನ ಹೋಟೆಲಿನ ಮುಂದೆ ಟ್ರ್ಯಾಕ್ಟರು ನಿಲ್ಲಿಸಿಕೊಂಡವರು ಚಹಾ ಕುಡಿಯುತ್ತ ಇತ್ತಲೇ ನೋಡುತ್ತಿದ್ದರು. "ಬರ್ರಿ ಅಮ್ಮಾರೆ, ಕೂಡ್ರಿ" ಎಂದು ಅಪ್ಪಾಜಿ ಕುರ್ಚಿ ಒರೆಸಿ ಕೊಟ್ಟರು. ಅಂಗಿಯ ಜೇಬಿನಲ್ಲಿ ಕರಪತ್ರದ ಹಳದಿ ಅಂಚು ಕಾಣುತ್ತಿತ್ತು.

ನಾನು ಮಾತಾಡಬೇಕಿತ್ತು. ಚಹಾ ಬಂತು, ಕುಡಿದೆವು. ಅಪ್ಪಾಜಿ ಈ ವರ್ಷದ ನಾಲೆ ನೀರಿನ ವಿಷಯ ಹೇಳಿದರು. ಅಮ್ಮ ಫಾಲ್ ಬಟ್ಟೆಯ ಬಣ್ಣ ಬಿಡುವ ವಿಷಯ ಹೇಳಿದರು. ಆಗಾಗ ನನ್ನತ್ತ ನೋಡಿ, ಕಾದು, ಮತ್ತೆ ಕಣ್ಣು ಕೆಳಗಿಳಿಸುತ್ತಿದ್ದರು. ಹೊರಡುವ ಹೊತ್ತಾದರೂ ನನ್ನಿಂದ ಒಂದೇ ಒಂದು ಮಾತು ಹೊರಗೆ ಬರಲಿಲ್ಲ.

ಬಸ್ಸು ಹತ್ತಿ ಕೂತ ಮೇಲೆ ಅಪ್ಪಾಜಿ ಕಿಟಕಿಯ ಹತ್ತಿರ ಬಂದರು. ಅವರು ಸಿಟ್ಟು ಮಾಡಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ಎರಡು ದಿನದಿಂದ ಯೋಚನೆ ಮಾಡಾಕ ಹತ್ತೀನಿ, ಮಗಳ. ನೀನು ಸಣ್ಣಾಕಿ ಇದ್ದಾಗ ಎಂದಾರ ಸಿಟ್ಟಿನ್ಯಾಗ ಹೊಡೆದಿದ್ನೇನೋ. ನನಗ ನೆನಪಿಲ್ಲ. ನಿನಗ ನೆನಪಿದ್ರೆ ಹೇಳು."

ಬಸ್ಸು ಹೊರಟಿತು. ಸುಳ್ಳು ಹೇಳಿದವಳು ನಾನು, ತಮ್ಮನ್ನೇ ಅನುಮಾನಿಸುತ್ತಿದ್ದವರು ಅವರು. ಹರಿಹರ ಬರುವವರೆಗೂ ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ. ಕೊನೆಗೆ, "ನಾಡಿದ್ದು ಮೈಕ್ ಮುಂದೆ ನಿಲ್ತೀಯಲ್ಲ, ಅದು ಎರಡನೇ ಅವಕಾಶ" ಅಂದರು.

ಶನಿವಾರ ಮೈದಾನ ತುಂಬಿತ್ತು. ವೇದಿಕೆಯ ಹಿಂದೆ ಕೂಟದ ಸಂಚಾಲಕರಿಗೆ ಎಲ್ಲ ಹೇಳಿದೆ. ಅವರು ಗಡಿಯಾರ ನೋಡಿಕೊಂಡು, "ತಂಗೀ, ಈಗ ಇದನ್ನೆಲ್ಲ ತೆಗೀಬ್ಯಾಡ. ನಿನ್ನ ಸಾಕ್ಷಿಯಿಂದ ಎಷ್ಟೋ ಜನ ನಂಬಿಕೆಗೆ ಬಂದಾರ. ಅವರ ಗತಿ ಏನು?" ಅಂದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ವೇದಿಕೆಯ ಮೆಟ್ಟಿಲ ಬುಡಕ್ಕೆ ಹೋದೆ. ಈಗಲೂ ಅದು ನನ್ನನ್ನು ಬಿಟ್ಟಿಲ್ಲ.

ಹೆಸರು ಕರೆದರು. ಹತ್ತಿ ನಿಂತೆ. ದೂರದಲ್ಲಿ, ಗೇಟಿನ ಪಕ್ಕ, ಬಿಳಿ ಪಂಚೆ ಕಂಡಿತು. ಅಪ್ಪಾಜಿ ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದರು. ಕೈಯಲ್ಲಿದ್ದ ಮೈಕು ಹಲ್ಲಿಗೆ ತಗುಲಿತು, ಆ ಸದ್ದು ಮೈದಾನಕ್ಕೆಲ್ಲ ಕೇಳಿಸಿತು.

"ನಮ್ಮ ಅಪ್ಪಾಜಿ ನನ್ನನ್ನು ಹೊಡೆದಿಲ್ಲ" ಅಂದೆ. "ಮನೆಯಿಂದ ಹೊರಗೂ ಹಾಕಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳು."

ಯಾರೋ ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಹಾಡು ಶುರುಮಾಡಿ ಎಂದು ಸಂಚಾಲಕರು ಸನ್ನೆ ಮಾಡಿದರು. ಹಾರ್ಮೋನಿಯಂ ಒಂದೆರಡು ಸ್ವರ ಹಿಡಿದು ನಿಂತುಹೋಯಿತು, ಯಾಕೆಂದರೆ ಅಷ್ಟರಲ್ಲಿ ಅಮ್ಮ ವೇದಿಕೆಯ ಮೆಟ್ಟಿಲು ಹತ್ತತೊಡಗಿದ್ದರು. ಐದೇ ಮೆಟ್ಟಿಲು. ಒಂದೊಂದಕ್ಕೂ ಒಳ್ಳೆಯ ಕಾಲು ಮೇಲಿಟ್ಟು, ಮಡಚದ ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಬಂದರು. ಮೈಕು ಹಿಡಿದವನ ಮುಂದೆ ಕೈ ಚಾಚಿದರು. ಅವನು ಕೊಟ್ಟುಬಿಟ್ಟ.

"ಈ ಹುಡುಗಿ ಎರಡನೇ ಸಲ ಹೇಳಿದಾಗಲೇ ನನಗೆ ಗೊತ್ತಿತ್ತು. ಮೊದಲನೇ ಸಲ ಇಲ್ಲದ ತಟ್ಟೆ ಎರಡನೇ ಸಲ ಬಂದಿತ್ತು. ಆದ್ರೂ ಬಾಯಿ ಮುಚ್ಕೊಂಡಿದ್ದೆ. ಯಾಕಂದ್ರೆ ನನ್ನ ಮನ್ಯಾಗ ಚಾಪೆ ತುಂಬ್ತಿದ್ವು. ಈಕಿ ಇನ್ನೂ ಕೂಸು. ಗುರು ಅನ್ನಿಸಿಕೊಂಡಾಕಿ ನಾನು. ತಪ್ಪು ನಂದು ದೊಡ್ಡದು." ಆಮೇಲೆ ಗೇಟಿನತ್ತ ತಿರುಗಿ, "ಯಜಮಾನ್ರೇ, ನಿಮ್ಮ ಹೆಸರು ಕೆಡಿಸಿದ್ದಕ್ಕ ನಮ್ಮಿಬ್ಬರನ್ನೂ ಕ್ಷಮಿಸ್ರಿ" ಅಂದರು.

ಜನ ಎದ್ದು ಹೋಗತೊಡಗಿದರು. ಕೆಲವರು ನಮಗೆ ಕೇಳುವಂತೆಯೇ ಏನೇನೋ ಅಂದರು. ಹತ್ತಿದ್ದಕ್ಕಿಂತ ಇಳಿಯುವುದು ಅಮ್ಮನಿಗೆ ಕಷ್ಟವಾಗಿತ್ತು, ವೇದಿಕೆಯ ಅಂಚಿನಲ್ಲಿ ನಿಂತೇ ಇದ್ದರು. ನಾನು ಕೈ ಕೊಡುವ ಮೊದಲೇ ಅಪ್ಪಾಜಿ ಜನರ ನಡುವೆ ದಾರಿ ಮಾಡಿಕೊಂಡು ಬಂದಿದ್ದರು. "ಕೈ ಕೊಡ್ರಿ ಅಮ್ಮಾರೆ, ನಿಧಾನ" ಎಂದು ಇಳಿಸಿದರು. ಆಮೇಲೆ ನನ್ನ ಕಡೆ ನೋಡಿ, "ಏನಾರ ಉಂಡೀರೋ ಇಲ್ಲೋ?" ಅಂದರು.

ಮುಂದಿನ ವಾರವೇ ಸಭೆಯವರು ಗುರುವಾರದ ಕೂಟವನ್ನು ಅಮ್ಮನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅಮ್ಮ ಜಗಳವಾಡಲಿಲ್ಲ. ನನ್ನನ್ನು ಸಭೆಗೆ ಸೇರಿಸಿಕೊಳ್ಳಬೇಕಿದ್ದ ದೀಕ್ಷಾಸ್ನಾನವನ್ನು ಮಾತ್ರ ಅವರೇ ಹೇಳಿ ಒಂದು ವರ್ಷ ಮುಂದಕ್ಕೆ ಹಾಕಿಸಿದರು. ಗುರುವಾರ ಹೊಸ ಜಾಗಕ್ಕೆ ನಾನು ಎಲ್ಲರಿಗಿಂತ ಮುಂಚೆ ಹೋದರೆ, ಅಮ್ಮ ಆಗಲೇ ಅಲ್ಲಿದ್ದರು. ಬಗ್ಗಲಾಗದೆ, ಚಾಪೆಯ ಸುರುಳಿಯನ್ನು ಕಾಲಿನಿಂದ ತಳ್ಳಿ ಹಾಸುತ್ತಿದ್ದರು. "ನೀವ್ಯಾಕಮ್ಮಾ?" ಎಂದೆ. "ನಿನ್ನನ್ನ ನಾಲ್ಕು ತಿಂಗಳಿಗೇ ಎಬ್ಬಿಸಿ ನಿಲ್ಲಿಸಿದಾಕಿ ನಾನೇ ಅಲ್ಲೇನು? ನಾನೂ ಮೊದಲನೇ ಮೆಟ್ಟಿಲಿಂದ ಬರಬೇಕು. ಆ ಕಡೆ ತುದಿ ಹಿಡಿ." ಬಂದವರಲ್ಲಿ ಎಷ್ಟೋ ಜನ ನಮ್ಮಿಬ್ಬರನ್ನೂ ಮಾತಾಡಿಸುತ್ತಿರಲಿಲ್ಲ. ನಾವು ಒಂದು ವರ್ಷ ಚಾಪೆ ಹಾಸಿದೆವು.

ಹತ್ತು ವರ್ಷಕ್ಕೆ ಮೇಲಾದ ಮೇಲೆ ಅಮ್ಮ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದು, "ಮಣ್ಣು ಮಾಡೋ ದಿನ ನೀನು ಎರಡು ಮಾತು ಹೇಳು. ನನ್ನನ್ನ ದೇವತೆ ಮಾಡಬ್ಯಾಡ. ಇದ್ದದ್ದು ಹೇಳು" ಅಂದಿದ್ದರು.

ಸಮಾಧಿಯ ಹತ್ತಿರ ಒಬ್ಬೊಬ್ಬರೂ ಅವರನ್ನು ಸಂತಳೆಂದರು. ಅಂದು ಮುಖ ತಿರುಗಿಸಿದ್ದವರೂ ಅಂದರು. ನನ್ನ ಸರದಿ ಬಂದಾಗ, ಅವರು ಚಾಪೆ ತುಂಬಲಿ ಎಂಬ ಆಸೆಗೆ ಒಂದು ಸುಳ್ಳನ್ನು ತಿಳಿದೂ ಸುಮ್ಮನಿದ್ದದ್ದನ್ನು ಹೇಳಿದೆ. ಆಮೇಲೆ ಐದು ಮೆಟ್ಟಿಲು ಹತ್ತಿದ್ದನ್ನು ಹೇಳಿದೆ. ಶಿಷ್ಯಳಾಗುವುದು ಹೇಗೆಂದು ನನಗೆ ಗೊತ್ತಾದದ್ದು ಅವತ್ತೇ ಎಂದೆ. ಅವರ ತಂಗಿ ಅಲ್ಲೇ ನನ್ನನ್ನು ಬೈದರು. ಇವತ್ತಿಗೂ ಅವರು ನನ್ನೊಡನೆ ಮಾತಾಡುವುದಿಲ್ಲ.

ಅಪ್ಪಾಜಿ ಹಣೆಯ ವಿಭೂತಿಯಲ್ಲೇ ಬಂದು ಹಿಂದೆ ನಿಂತಿದ್ದರು. ನಮ್ಮ ಮನೆತನದಲ್ಲೂ ಮಣ್ಣು ಮಾಡುವುದೇ. ಯಾರೂ ಹೇಳಿಕೊಡದೆ ಮುಂದೆ ಬಂದು ಮೂರು ಹಿಡಿ ಮಣ್ಣು ಹಾಕಿದರು. ಬಸ್ ನಿಲ್ದಾಣದವರೆಗೆ ಅವರನ್ನು ಕಳಿಸಲು ಹೋದೆ. ದಾರಿಯುದ್ದಕ್ಕೂ ಅವರು ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು. ಅಮ್ಮನ ಮಾನ ಕಳೆದೆ ಅಂದುಕೊಂಡಿದ್ದಾರೇನೋ ಎಂದು ಹೆದರಿದೆ. ಬಸ್ಸಿನ ಬಾಗಿಲ ಹತ್ತಿರ ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟರು.

"ನಾನು ಹೋದ ದಿನಾನೂ ನೀನೇ ಮಾತಾಡು, ಮಗಳ" ಅಂದರು.