ಅಂಚು ಮುರಿದ ರೊಟ್ಟಿ

ಮಲಪ್ರಭೆ ಉಕ್ಕಿ ರಾಮದುರ್ಗದ ಹೊಳೆದಂಡೆ ಓಣಿಗಳಿಗೆ ನೀರು ನುಗ್ಗಿದ ವರ್ಷ, ನಾನೂ ಅಂಗಿಗೆ ‘ಸ್ವಯಂಸೇವಕ’ ಅನ್ನೋ ಚೀಟಿ ಚುಚ್ಚಿಕೊಂಡು ಯರಗಟ್ಟಿಯಲ್ಲಿ ಮನೆಮನೆ ರೊಟ್ಟಿ ಕೇಳಲು ಹೊರಟೆ. ಮೊದಲ ಮನೆಯಲ್ಲೇ ಒಬ್ಬ ಮುದುಕಿ ಬಾಗಿಲಿಗೆ ಅಡ್ಡ ನಿಂತಳು.

“ಯಾವ ಪಾರ್ಟಿಯವರ್ರಿ ನೀವು?”

“ಯಾವ ಪಾರ್ಟೀನೂ ಅಲ್ರಿ ಯವ್ವಾ. ಹೊಳಿ ಬಂದು ಮನಿ ಕಳಕೊಂಡವರಿಗೆ ಒಯ್ಯಾಕ ಬಂದೇನ್ರಿ.”

“ಹಂಗಂತ ಒಯ್ದು ಖಾನಾವಳಿಗೆ ಮಾರಿದ್ರ?”

ಅದಕ್ಕೆ ಉತ್ತರ ಅವಳ ಹತ್ತಿರವೇ ಇತ್ತು. ಬುಟ್ಟಿ ತುಂಬ ಎಳ್ಳು ಹಚ್ಚಿದ ಕಡಕ್ ರೊಟ್ಟಿ ತಂದು, ಒಂದೊಂದರ ಅಂಚನ್ನೂ ಕಟಕ್ಕನೆ ಮುರಿದಳು.

“ಅಂಚು ಮುರದ ರೊಟ್ಟಿ ಖಾನಾವಳ್ಯಾಗ ಯಾರೂ ಕೊಳ್ಳಂಗಿಲ್ಲ. ಹಸದಾವ್ರು ತಿಂತಾರ.”

ಮುರಿದ ಚೂರುಗಳಿಗೆ ಶೇಂಗಾ ಚಟ್ನಿ ಹಾಕಿ ನನ್ನ ಮುಂದಿಟ್ಟಳು. “ಇವು ನಿನಗ, ತಮ್ಮಾ.” ಹಸಿದಿದ್ದೆ, ತಿಂದೆ.

ರಾಮದುರ್ಗದ ಶಾಲೆಯೊಂದರಲ್ಲಿ ನಡೆದಿದ್ದ ಗಂಜಿ ಕೇಂದ್ರದಲ್ಲಿ ರೊಟ್ಟಿ ಇಸಗೊಳ್ಳುತ್ತಿದ್ದ ಹೆಣ್ಣುಮಗಳು ಒಂದನ್ನೆತ್ತಿ ನೋಡಿದಳು, ಇನ್ನೊಂದನ್ನೆತ್ತಿ ನೋಡಿದಳು, ಆಮೇಲೆ ನನ್ನ ಚೀಟಿಯನ್ನು ನಿಧಾನ ಓದಿದಳು.

“ದಾರ್ಯಾಗ ತಿನಕೋಂತ ಬಂದ್ರೇನ್ರಿ?”

ಇಲ್ಲ ಅನ್ನಲು ಬಾಯಿ ತೆರೆಯೋದರಲ್ಲಿದ್ದೆ. ಹಲ್ಲಿನ ಸಂದಿಯಲ್ಲಿದ್ದ ಎಳ್ಳು ನಾಲಿಗೆಗೆ ತಾಕಿತು. ಬಾಯಿ ಮುಚ್ಚಿಕೊಂಡೆ.