ಒಂದೇ ಗೆರೆ

ಯಲಬುರ್ಗಾ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಲ್ಯಾಬಿನಲ್ಲಿ ಆಗ ನಾನು ರಕ್ತ ಪರೀಕ್ಷೆ ಮಾಡುತ್ತಿದ್ದೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಡಾಕ್ಟರು ಎರಡು ಪರೀಕ್ಷೆ ಬರೆದಿದ್ದರೆ, ಮೊದಲನೆಯದರಲ್ಲಿ ಏನೂ ಇಲ್ಲವೆಂದು ಬಂದ ಕೂಡಲೇ ಎರಡನೆಯದನ್ನು ಪೆನ್ನಿನಿಂದ ಹೊಡೆದುಹಾಕುವುದು ನನ್ನ ರೂಢಿ. ಬಡವರಿಗೆ ಉಪಕಾರ ಮಾಡುತ್ತಿದ್ದೇನೆಂಬ ಜಂಬ ಬೇರೆ.

ಒಂದು ದಿನ ಹೆಂಗಸೊಬ್ಬಳು ಹಳ್ಳಿಯಿಂದ ತಾಯಿಯ ಜೊತೆ ಬಂದಿದ್ದಳು. ಎಚ್‌ಐವಿಗೆ ಕೊಪ್ಪಳದಿಂದ ಗುಳಿಗೆ ತಂದು ವರ್ಷಗಟ್ಟಲೆ ತಪ್ಪದೆ ನುಂಗುತ್ತಿದ್ದವಳು. ಕಾರಟಗಿ ಕಡೆ ಭತ್ತದ ನಾಟಿಗೆ ಹೋದಾಗ ಜ್ವರಕ್ಕೆಂದು ಯಾರೋ ಹಳೇ ಸೂಜಿ ಚುಚ್ಚಿದ್ದರಂತೆ; ಆಮೇಲೆ ಸುಸ್ತು ಬಿಟ್ಟಿರಲಿಲ್ಲ. ಹೆಪಟೈಟಿಸ್ ಸಿ ತಗಲಿದೆಯೇ ನೋಡಲು ಡಾಕ್ಟರು ಎರಡು ಪರೀಕ್ಷೆ ಬರೆದಿದ್ದರು. ಮೊದಲನೆಯ ಕಾರ್ಡಿನಲ್ಲಿ ಒಂದೇ ಗೆರೆ ಮೂಡಿತು. ಒಂದು ಗೆರೆಯೆಂದರೆ ರೋಗ ಇಲ್ಲ ಅಂತ ಲೆಕ್ಕ.

"ಏನೂ ಇಲ್ರಿ ಅಕ್ಕಾ, ಆರಾಮ ಮನಿಗಿ ಹೋಗ್ರಿ," ಎಂದೆ. ತಾಯಿ ಎದುರಿನ ಅಂಗಡಿಯಿಂದ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ನಾನು ನಗುತ್ತಲೇ ಎರಡನೆಯದನ್ನು ಹೊಡೆದುಹಾಕಿದೆ.

ಆ ಕಾರ್ಡು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ಎಬ್ಬಿಸುವ ಪ್ರತಿಕಾಯವೆಂಬ ಕಾವಲನ್ನು. ಎಚ್‌ಐವಿ ಇರುವ ಮೈಯಲ್ಲಿ ಆ ಕಾವಲು ಏಳಲು ಎಷ್ಟೋ ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ರೋಗಾಣುವನ್ನೇ ಹಿಡಿದು ತೋರಿಸುವುದು ನಾನು ಹೊಡೆದುಹಾಕಿದ ಎರಡನೆಯ ಪರೀಕ್ಷೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಲೂ ಇಲ್ಲ.

ಕೆಲವು ತಿಂಗಳಿಗೆ ಅವಳ ಕಣ್ಣುಗಳು ಹಳದಿಯಾದವು. ಲ್ಯಾಬಿನಾಕೆಯೇ ಏನೂ ಇಲ್ಲವೆಂದಿದ್ದಾಳೆ, ಹಾಗಾದರೆ ಇದು ಗುಳಿಗೆಯ ಉಷ್ಣವೇ ಎಂದು ಮನೆಯಲ್ಲಿ ತೀರ್ಮಾನವಾಯಿತು. ತಾಯಿ ಗುಳಿಗೆ ಬಿಡಿಸಿದಳು, ಉಪ್ಪಿಲ್ಲದ ಪಥ್ಯ ಹಿಡಿಸಿದಳು, ಕಾಮಾಲೆಗೆ ನಾಟಿ ಔಷಧ ಕುಡಿಸಿದಳು. ಕೊನೆಗೆ ಕೊಪ್ಪಳಕ್ಕೆ ಒಯ್ಯುವ ಹೊತ್ತಿಗೆ ಕೈಮೀರಿತ್ತು. ಅಲ್ಲಿ ಎರಡನೆಯ ಪರೀಕ್ಷೆ ಮಾಡಿಸಿದರು. ವರದಿ ಬರುವ ಮೊದಲೇ ಅವಳು ತೀರಿಕೊಂಡಳು.

ಆ ವರದಿ ಹಿಡಿದು ತಾಯಿ ನನ್ನ ಹತ್ತಿರವೇ ಬಂದಳು. ಅವಳಿಗೆ ಓದು ಬಾರದು. ಬೈದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.

"ನೀ ಏನೂ ಇಲ್ಲ ಅಂತ ಚಂದಾಗಿ ಹೇಳಿ ಕಳಿಸಿದ್ದೆವ್ವಾ. ಗುಳಿಗಿ ಬಿಡಿಸಿದಾಕಿ ನಾನ. ನನ್ನ ಮಗಳನ್ನ ನಾನ ಕೊಂದೆ," ಎಂದು ಅತ್ತಳು.

ವರದಿಯಲ್ಲಿ ಹೆಪಟೈಟಿಸ್ ಸಿ ಇದೆ ಎಂದಿತ್ತು. ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. "ನೀರು ಕುಡೀತೀರೇನ್ರಿ?" ಎಂದಷ್ಟೇ ಬಂತು. ಅವಳು ಕುಡಿದು, ನನ್ನ ತಲೆ ಸವರಿ, ಬಸ್ಸು ಹತ್ತಿದಳು. ಮಗಳನ್ನು ಕೊಂದವಳು ತಾನೇ ಎಂದು ಆ ತಾಯಿ ಇವತ್ತಿಗೂ ನಂಬಿದ್ದಾಳೆ.